ಪರೀಕ್ಷೆಯಿಲ್ಲದ ಶಾಲೆ: ಸ್ಕ್ಯಾಂಡಿನೇವಿಯದ ಜನಶಾಲೆಯಲ್ಲಿ ಒಂದು ವರ್ಷ ಕಳೆಯುವುದೆಂದರೆ ಏನು?

ಮೊದಲ ತೊಡಕು ಹೆಸರಿನಲ್ಲೇ ಇದೆ. ಡ್ಯಾನಿಷ್ ಭಾಷೆಯ 'ಫೋಲ್ಕೆಹೊಯ್‌ಸ್ಕೋಲೆ' ಇಂಗ್ಲಿಷಿಗೆ ಹೋಗಿ 'ಫೋಕ್ ಹೈಸ್ಕೂಲ್' ಆಯಿತು. ಅದನ್ನು ಕೇಳಿದ ನಮ್ಮವರು ಎಂಟು, ಒಂಬತ್ತು, ಹತ್ತನೇ ತರಗತಿಯ ಹೈಸ್ಕೂಲ್ ಅಂದುಕೊಳ್ಳುತ್ತಾರೆ. 'ಹೊಯ್‌ಸ್ಕೋಲೆ' ಎಂದರೆ ಉನ್ನತ ಶಾಲೆ, 'ಫೋಲ್ಕೆ' ಎಂದರೆ ಜನರದು. ವಿಶ್ವವಿದ್ಯಾಲಯದ ಬಾಗಿಲು ತೆರೆಯದ ಜನಸಾಮಾನ್ಯರಿಗೆ ಅದೇ ಎತ್ತರದ ಮಾತುಕತೆ ಸಿಗಬೇಕು ಎಂಬ ಆಸೆಯಿಂದ ಹುಟ್ಟಿದ ಹೆಸರು ಅದು. ಇಲ್ಲಿ ಓದುವವರು ಮಕ್ಕಳಲ್ಲ. ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೈದರ ನಡುವಿನವರು, ಶಾಲೆ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು. ಗೊಂದಲ ತಪ್ಪಿಸಲು ಈ ಲೇಖನದಲ್ಲಿ ಅದನ್ನು ಜನಶಾಲೆ ಎಂದೇ ಕರೆಯೋಣ.

ಜನಶಾಲೆಯಲ್ಲಿ ನಾಲ್ಕು ತಿಂಗಳಿಂದ ಹತ್ತು ತಿಂಗಳವರೆಗೆ ಇರಬಹುದು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಪಾಠ. ಕೊನೆಯಲ್ಲಿ ಪರೀಕ್ಷೆ ಇಲ್ಲ, ಅಂಕ ಇಲ್ಲ, ರ‍್ಯಾಂಕ್ ಇಲ್ಲ. ಡೆನ್ಮಾರ್ಕಿನ ಕಾನೂನು ಜನಶಾಲೆಗಳಿಗೆ ಪರೀಕ್ಷೆ ನಡೆಸಲು ಅವಕಾಶವನ್ನೇ ಕೊಡುವುದಿಲ್ಲ. ಮುಗಿಸಿ ಹೊರಟಾಗ ಕೈಗೆ ಬರುವುದು ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಇಂಥ ವಿಷಯ ಕಲಿತರು ಎಂಬ ಒಂದು ಹಾಳೆ. ಇದನ್ನು ಮೊದಲೇ ಸ್ಪಷ್ಟವಾಗಿ ತಿಳಿದುಕೊಂಡವರಿಗೆ ಈ ಶಾಲೆಗಳು ಬಹಳ ಕೊಡುತ್ತವೆ. ತಿಳಿಯದೆ ಹೋದವರು ಮೂರನೇ ವಾರಕ್ಕೇ 'ಇದರಿಂದ ನನಗೇನು ಸಿಕ್ಕಿತು' ಎಂದು ಕೊರಗಲು ಶುರುಮಾಡುತ್ತಾರೆ.

ಪರೀಕ್ಷೆ ಏಕಿಲ್ಲ

ಇದರ ಬೇರು 1844ರಲ್ಲಿದೆ. ನಿಕೊಲಾಯ್ ಗ್ರುಂಡ್‌ಟ್ವಿಗ್ (1783–1872) ಡೆನ್ಮಾರ್ಕಿನ ಪಾದ್ರಿ, ಕವಿ, ಇತಿಹಾಸ ಬರೆದವರು. ತಮ್ಮ ಕಾಲದ ಲ್ಯಾಟಿನ್ ಶಾಲೆಗಳನ್ನು ಅವರು 'ಕಪ್ಪು ಶಾಲೆ' ಎಂದು ಕರೆದರು. ಸತ್ತ ಭಾಷೆಯ ವ್ಯಾಕರಣವನ್ನು ಬಾಯಿಪಾಠ ಮಾಡಿಸಿ, ಪರೀಕ್ಷೆಯ ಭಯದಲ್ಲಿ ಹುಡುಗರ ಜೀವ ಹಿಂಡುವ ಶಾಲೆ ಎಂಬುದು ಅವರ ಸಿಟ್ಟು. ಅದಕ್ಕೆ ಎದುರಾಗಿ 'ಬದುಕಿಗಾಗಿ ಶಾಲೆ' ಬೇಕು, ಅಲ್ಲಿ ಪುಸ್ತಕಕ್ಕಿಂತ 'ಜೀವಂತ ಮಾತು' ಮುಖ್ಯವಾಗಬೇಕು ಎಂದರು. ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್‌ನಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿ ಬಾಳುವುದನ್ನು ಕಂಡದ್ದು ಅವರ ಮನಸ್ಸಿನಲ್ಲಿ ನಿಂತಿತು.

ಮೊದಲ ಜನಶಾಲೆ ತೆರೆದದ್ದು 1844ರ ನವೆಂಬರ್ 7ರಂದು, ರೋಡಿಂಗ್ ಎಂಬ ಊರಿನಲ್ಲಿ. ಅದು ಡ್ಯಾನಿಷ್ ಮತ್ತು ಜರ್ಮನ್ ಭಾಷೆಗಳ ನಡುವೆ ಜಗ್ಗಾಟವಿದ್ದ ಗಡಿಸೀಮೆ. 1864ರ ಯುದ್ಧದಲ್ಲಿ ಆ ಸೀಮೆ ಪ್ರಷ್ಯ ಎಂಬ ಜರ್ಮನ್ ರಾಜ್ಯಕ್ಕೆ ಹೋದಾಗ, ಮರುವರ್ಷ ಶಾಲೆಯವರು ಹೊಸ ಗಡಿಯ ಈಚೆಗೆ ಆಸ್ಕೋವ್‌ಗೆ ಬಂದು ಮತ್ತೆ ಶುರುಮಾಡಿದರು. 1849ರಲ್ಲಿ ಡೆನ್ಮಾರ್ಕ್ ರಾಜನ ನಿರಂಕುಶ ಆಳ್ವಿಕೆ ಬಿಟ್ಟು ಸಂವಿಧಾನ ಪಡೆದಿತ್ತು. ಇನ್ನು ಮೇಲೆ ಮತ ಹಾಕಬೇಕಾದ, ಸಭೆಯಲ್ಲಿ ಎದ್ದು ಮಾತಾಡಬೇಕಾದ ರೈತನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಸುಗ್ಗಿ ಮುಗಿದ ಚಳಿಗಾಲದ ತಿಂಗಳುಗಳಲ್ಲಿ ರೈತರ ಮಕ್ಕಳು ಜನಶಾಲೆಗೆ ಬಂದು, ಇತಿಹಾಸ ಕೇಳಿ, ಹಾಡಿ, ವಾದ ಮಾಡಿ ಊರಿಗೆ ಮರಳಿದರು. 1882ರಲ್ಲಿ ಶುರುವಾದ ಡ್ಯಾನಿಷ್ ಸಹಕಾರಿ ಹಾಲಿನ ಡೇರಿಗಳನ್ನು ಕಟ್ಟಿ ನಡೆಸಿದವರಲ್ಲಿ ಇಂಥ ಶಾಲೆಗಳಿಂದ ಬಂದವರು ಬಹಳ ಮಂದಿ.

ಪರೀಕ್ಷೆ ಬಿಟ್ಟದ್ದಕ್ಕೆ ಕಾರಣ ಇಲ್ಲಿ ಸಿಗುತ್ತದೆ. ಅಂಕ ಕೊಟ್ಟ ಕೂಡಲೇ ಪಕ್ಕದಲ್ಲಿ ಕೂತವನು ಸ್ಪರ್ಧಿಯಾಗುತ್ತಾನೆ, ಮೇಷ್ಟ್ರು ತೀರ್ಪುಗಾರರಾಗುತ್ತಾರೆ. ಒಟ್ಟಿಗೆ ಬಾಳುವುದನ್ನೇ ಕಲಿಸಬೇಕಾದ ಕಡೆ ಅದು ನಡೆಯುವುದಿಲ್ಲ. ಅಂಕ ಇಲ್ಲದಿದ್ದರೆ ಬರದ ಕೆಲಸಕ್ಕೂ ಕೈ ಹಾಕಬಹುದು. ಗಣಿತದಲ್ಲಿ ಜಾಣೆಯಾದ ಹುಡುಗಿ ಕುಂಬಾರಿಕೆಯಲ್ಲಿ ಸೋಲಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಪರೀಕ್ಷೆ ಮಾಡುತ್ತಿದ್ದ ಒಂದು ಕೆಲಸಕ್ಕೆ ಬದಲಿ ಬೇಕಲ್ಲ, ಬೆಳಿಗ್ಗೆ ಎಬ್ಬಿಸಿ ತರಗತಿಗೆ ತರುವ ಕೆಲಸಕ್ಕೆ? ಆ ಜಾಗದಲ್ಲಿ ಹಾಜರಾತಿ ಇದೆ, ಸರದಿಯ ಕೆಲಸಗಳಿವೆ, ನೀವು ಬರದಿದ್ದರೆ ಖಾಲಿ ಕಾಣುವ ಒಂದು ಕುರ್ಚಿ ಇದೆ.

ನಮ್ಮ ನಾಡಿಗೂ ಈ ಯೋಚನೆ ಬಂದಿತ್ತು. ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದಲ್ಲಿ ಡೆನ್ಮಾರ್ಕಿನ ಮಾದರಿ ನೋಡಿಕೊಂಡೇ ಹಳ್ಳಿಯ ಯುವಕರಿಗಾಗಿ ವಸತಿಸಹಿತ ವಿದ್ಯಾಪೀಠಗಳನ್ನು ಕಟ್ಟಲು ಹೊರಟಿತು. ಮೊದಲನೆಯದು ನಂಜನಗೂಡಿನಲ್ಲಿ.

ಮೂರು ದೇಶ, ಮೂರು ಬಗೆ

ಮೂಲ ಒಂದೇ ಆದರೂ ಮೂರು ದೇಶಗಳಲ್ಲಿ ಮೂರು ರೂಪ ತಳೆದಿದೆ. ಆಯ್ಕೆ ಮಾಡುವವರು ಮೊದಲು ಇದನ್ನು ತಿಳಿಯಬೇಕು.

ಡೆನ್ಮಾರ್ಕಿನಲ್ಲಿ ಸುಮಾರು 70 ಶಾಲೆಗಳಿವೆ. ಸೇರಲು ಹದಿನೇಳೂವರೆ ವರ್ಷ ತುಂಬಿರಬೇಕು. ವರ್ಷದಲ್ಲಿ ಎರಡು ಅವಧಿ: ಆಗಸ್ಟಿನಿಂದ ಡಿಸೆಂಬರ್, ಜನವರಿಯಿಂದ ಜೂನ್. ಅಲ್ಲಿನ ಮಕ್ಕಳು ಜಿಮ್ನೇಸಿಯಂ ಎನ್ನುವ, ನಮ್ಮ ಪಿಯುಸಿಗೆ ಹತ್ತಿರದ ಘಟ್ಟ ಮುಗಿಸುವ ಹೊತ್ತಿಗೆ ಹತ್ತೊಂಬತ್ತರ ಆಸುಪಾಸಿನಲ್ಲಿರುತ್ತಾರೆ. ಅನೇಕರು ಆಗಸ್ಟಿನಿಂದ ಡಿಸೆಂಬರ್‌ವರೆಗೆ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ಹಣ ಕೂಡಿಸಿ ಜನವರಿಯಲ್ಲಿ ಜನಶಾಲೆ ಸೇರುತ್ತಾರೆ. ಹಾಗಾಗಿ ಜನವರಿಯ ಸೀಟುಗಳು ಬೇಗ ತುಂಬುತ್ತವೆ, ಆಗಸ್ಟಿನವು ಹೆಚ್ಚು ಸುಲಭ. ಅರ್ಹತಾ ಪಟ್ಟಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ; ಮೊದಲು ಬಂದವರಿಗೆ ಮೊದಲು.

ನಾರ್ವೆಯಲ್ಲಿ ಮೊದಲ ಶಾಲೆ 1864ರಲ್ಲಿ ಹಾಮಾರ್ ಪಟ್ಟಣದಲ್ಲಿ ತೆರೆಯಿತು. ಇಂದು 80ಕ್ಕೂ ಹೆಚ್ಚು ಶಾಲೆಗಳು. ಅಲ್ಲಿ ಅರ್ಧ ವರ್ಷದ ಲೆಕ್ಕ ಕಡಿಮೆ. ಆಗಸ್ಟಿನಿಂದ ಮೇವರೆಗೆ 33 ವಾರಗಳ ಒಂದೇ ಅವಧಿ ರೂಢಿ. ಒಬ್ಬೊಬ್ಬರೂ ಒಂದು 'ಲಿನ್ಯೆ', ಅಂದರೆ ಮುಖ್ಯ ವಿಷಯ, ಆರಿಸಿಕೊಂಡು ವರ್ಷವಿಡೀ ಅದರ ತಂಡದೊಂದಿಗೆ ಇರುತ್ತಾರೆ. ಬಯಲು ಬದುಕು ಅಲ್ಲಿನ ದೊಡ್ಡ ಸೆಳೆತ: ಬೆಟ್ಟ ಹತ್ತುವುದು, ಸ್ಕೀ, ದೋಣಿ, ಹಿಮದಲ್ಲಿ ಗುಡಾರ ಹಾಕಿ ಮಲಗುವುದು. ರಷ್ಯದ ಗಡಿಯ ಪಾಸ್ವಿಕ್ ಕಣಿವೆಯ ಶಾಲೆಯಲ್ಲಿ ಜಾರುಬಂಡಿ ಎಳೆಯುವ ನಾಯಿಗಳನ್ನು ಸಾಕಿ ಓಡಿಸುವುದೇ ಒಂದು ವಿಷಯ. 2019ರಲ್ಲಿ ಉತ್ತರ ಧ್ರುವ ಸಮುದ್ರದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲೂ ಒಂದು ಶಾಲೆ ಶುರುವಾಯಿತು.

ಸ್ವೀಡನ್ನಿನದು ಬೇರೆಯೇ ಜಾಡು. 1868ರಲ್ಲಿ ಆರಂಭವಾಗಿ ಈಗ ಸುಮಾರು 150 ಶಾಲೆಗಳಿವೆ. ಕಾರ್ಮಿಕ ಸಂಘಗಳು, ಪಾನನಿರೋಧ ಚಳವಳಿ, ಚರ್ಚುಗಳು, ಪ್ರಾಂತ್ಯ ಆಡಳಿತಗಳು ಇವನ್ನು ನಡೆಸುತ್ತವೆ. ಶಾಲೆ ಅರ್ಧಕ್ಕೇ ಬಿಟ್ಟ ವಯಸ್ಕರು ಮತ್ತೆ ಓದಿ ವಿಶ್ವವಿದ್ಯಾಲಯಕ್ಕೆ ಅರ್ಹತೆ ಪಡೆಯುವ ದಾರಿಯಾಗಿ ಅಲ್ಲಿ ಜನಶಾಲೆ ಬೆಳೆದಿದೆ. ಬೋಧನಾ ಶುಲ್ಕ ಇಲ್ಲ. ಕೋಣೆ, ಊಟ, ಸಾಮಗ್ರಿಗೆ ಮಾತ್ರ ಹಣ. ಮನೆಯಿಂದಲೇ ಬಂದುಹೋಗುವವರೂ ಬಹಳ. ಸ್ವೀಡಿಷ್ ಭಾಷೆ ಬಾರದಿದ್ದರೆ ಹೆಚ್ಚಿನ ಕೋರ್ಸುಗಳು ಕೈಗೆಟುಕುವುದಿಲ್ಲ.

ಭಾರತದಿಂದ ಮೊದಲ ಸಲ, ಬರೀ ಇಂಗ್ಲಿಷ್ ನಂಬಿ ಹೋಗುವವರಿಗೆ ಡೆನ್ಮಾರ್ಕ್ ಹೆಚ್ಚು ಅನುಕೂಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮುಂದಿನ ವಿವರಗಳು ಹೆಚ್ಚಾಗಿ ಅಲ್ಲಿನವು.

ಭಾಷೆಯನ್ನು ನೋಡಿ ಶಾಲೆ ಆರಿಸಿ

ಶಾಲೆಯ ಚಿತ್ರ ನೋಡಿ, ಕಡಲತೀರ ನೋಡಿ ಮನಸೋಲುವ ಮುನ್ನ ಕೇಳಬೇಕಾದ ಪ್ರಶ್ನೆ: ಊಟದ ಮೇಜಿನಲ್ಲಿ ಯಾವ ಭಾಷೆ? ಡೇನರು ಇಂಗ್ಲಿಷ್ ಚೆನ್ನಾಗಿ ಆಡುತ್ತಾರೆ, ನೀವು ಕೇಳಿದರೆ ಕೂಡಲೇ ತಿರುಗಿ ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ. ಆದರೆ ಎಂಟು ಮಂದಿಯ ಮೇಜಿನಲ್ಲಿ ಏಳು ಜನ ಡೇನರಿದ್ದರೆ ಐದು ನಿಮಿಷದಲ್ಲಿ ಮಾತು ಡ್ಯಾನಿಷಿಗೆ ಜಾರುತ್ತದೆ. ಅದರಲ್ಲಿ ಯಾರದೂ ತಪ್ಪಿಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ ಏಳು ಕನ್ನಡಿಗರ ನಡುವೆ ಕೂತ ಅಸ್ಸಾಮಿನ ಹುಡುಗನಿಗೂ ಅದೇ ಆಗುತ್ತದೆ. ದಿನಕ್ಕೆ ಮೂರು ಹೊತ್ತು, ಇಪ್ಪತ್ತನಾಲ್ಕು ವಾರ ಹೀಗೇ ಆದರೆ ಒಂಟಿತನ ಬೇರೂರುತ್ತದೆ.

ಇಂಗ್ಲಿಷಿನಲ್ಲೇ ನಡೆಯುವವು ಕೆಲವೇ ಶಾಲೆಗಳು. ಹೆಲ್ಸಿಂಗೋರ್ ಪಟ್ಟಣದ ಇಂಟರ್‌ನ್ಯಾಷನಲ್ ಪೀಪಲ್ಸ್ ಕಾಲೇಜನ್ನು ಪೀಟರ್ ಮನ್ನಿಕೆ 1921ರಲ್ಲಿ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಎದುರೆದುರು ಹೋರಾಡಿದ ದೇಶಗಳ ಯುವಕರು ಒಂದೇ ಸೂರಿನಡಿ ಇರಲಿ ಎಂಬುದು ಅವರ ಉದ್ದೇಶವಾಗಿತ್ತು. ಇಂದೂ ಅಲ್ಲಿ ಹಲವಾರು ದೇಶಗಳವರು ಬೆರೆತಿರುತ್ತಾರೆ. ಎಬೆಲ್ಟಾಫ್ಟ್‌ನ ಯುರೋಪಿಯನ್ ಫಿಲ್ಮ್ ಕಾಲೇಜು 1993ರದು. ಸುಮಾರು ಎಂಟು ತಿಂಗಳ ಸಿನಿಮಾ ತರಬೇತಿ, ಅದೂ ಇಂಗ್ಲಿಷಿನಲ್ಲಿ. ಫ್ಯೂನ್ ದ್ವೀಪದ ಬೊಗೆನ್ಸೆ ಊರಿನ ನಾರ್ಡ್‌ಫ್ಯೂನ್ಸ್ ಶಾಲೆ ವಿದೇಶಿಯರಿಗೆ ಡ್ಯಾನಿಷ್ ಕಲಿಸುವುದರಲ್ಲಿ ಪಳಗಿದೆ.

ಡ್ಯಾನಿಷ್ ಮಾಧ್ಯಮದ ಶಾಲೆಯೇ ಬೇಕೆಂದರೆ ಕೈಯ, ಮೈಯ ವಿಷಯ ಆರಿಸಿ: ನೇಯ್ಗೆ, ಗಾಜು, ಕುಂಬಾರಿಕೆ, ಸಂಗೀತ, ಕ್ರೀಡೆ. ಓಲೆರುಪ್‌ನಲ್ಲಿ ಜಿಮ್ನಾಸ್ಟಿಕ್ಸ್, ಎಂಗೆಲ್ಸ್‌ಹೋಲ್ಮ್ ಕೋಟೆಮನೆಯಲ್ಲಿ ಕಲೆ ಮತ್ತು ಕರಕುಶಲ. ತತ್ತ್ವಶಾಸ್ತ್ರ, ಸಾಹಿತ್ಯ, ರಾಜಕೀಯ ಚರ್ಚೆಯ ತರಗತಿಗಳಲ್ಲಿ ಭಾಷೆ ಬಾರದವರು ಗೋಡೆಗೊರಗಿ ಕೂರಬೇಕಾಗುತ್ತದೆ. ಹೌ ಎಂಬ ಕರಾವಳಿ ಹಳ್ಳಿಯ ಎಗ್ಮಾಂಟ್ ಶಾಲೆಯ ಹೆಸರನ್ನು ಇಲ್ಲಿ ಹೇಳಲೇಬೇಕು. ಅಂಗವೈಕಲ್ಯ ಇರುವವರೂ ಇಲ್ಲದವರೂ ಅಲ್ಲಿ ಒಟ್ಟಿಗೆ ಓದುತ್ತಾರೆ. ಗಾಲಿಕುರ್ಚಿಯ ವಿದ್ಯಾರ್ಥಿ ತನ್ನ ಸಹಪಾಠಿಗಳನ್ನೇ ಸಹಾಯಕರಾಗಿ ನೇಮಿಸಿಕೊಳ್ಳುತ್ತಾನೆ, ಕೆಲಸ ಹೇಳುವ ಯಜಮಾನ ಅವನೇ ಆಗಿರುತ್ತಾನೆ. ಜನಶಾಲೆಯ ತತ್ತ್ವ ಏನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಇನ್ನೊಂದಿಲ್ಲ.

ದಿನಚರಿ

ಎಂಟು ಗಂಟೆಗೆ ತಿಂಡಿ: ರೈ ಹಿಟ್ಟಿನ ಕಪ್ಪು ಬ್ರೆಡ್ಡು, ಬೆಣ್ಣೆ, ಚೀಸ್, ಓಟ್ಸ್, ಮೊಸರು. ಅದು ಮುಗಿದ ಮೇಲೆ ಎಲ್ಲರೂ ಸಭಾಂಗಣದಲ್ಲಿ ಸೇರುತ್ತಾರೆ. ಒಬ್ಬರು ಪಿಯಾನೊ ನುಡಿಸುತ್ತಾರೆ, ಇಡೀ ಶಾಲೆ ಹಾಡುತ್ತದೆ. ಇದಕ್ಕೆ 'ಮಾರ್ನ್‌ಸಾಂಗ್', ಬೆಳಗಿನ ಹಾಡು ಎಂದು ಹೆಸರು. ಹಾಡುಗಳು ಬರುವುದು ಜನಶಾಲೆಗಳದ್ದೇ ಹಾಡುಪುಸ್ತಕದಿಂದ. 1894ರಲ್ಲಿ ಮೊದಲು ಅಚ್ಚಾದ ಅದರ 19ನೇ ಆವೃತ್ತಿ 2020ರಲ್ಲಿ ಬಂತು, ಅದರಲ್ಲಿ 601 ಹಾಡುಗಳಿವೆ. ಕಂಠ ಚೆನ್ನಾಗಿರಬೇಕೆಂದಿಲ್ಲ. ನೂರು ಜನರ ದನಿಯಲ್ಲಿ ನಿಮ್ಮ ದನಿಯೂ ಬೆರೆತರೆ ಆಯಿತು. ಡ್ಯಾನಿಷ್ ಬಾರದವರು ವಾರಕ್ಕೊಂದು ಹಾಡು ಆರಿಸಿಕೊಂಡು, ಅರ್ಥ ಕೇಳಿ ಬರೆದುಕೊಂಡು ಕಲಿಯುವುದು ಭಾಷೆಗೂ ಒಳ್ಳೆಯದು, ಜನರ ಹತ್ತಿರ ಹೋಗುವುದಕ್ಕೂ ಒಳ್ಳೆಯದು.

ಒಂಬತ್ತರಿಂದ ಮಧ್ಯಾಹ್ನದವರೆಗೆ ಒಂದು ಪಾಠ, ಊಟವಾದ ಮೇಲೆ ಇನ್ನೊಂದು. ಮುಖ್ಯ ವಿಷಯ ಒಂದು, ಜೊತೆಗೆ ಐಚ್ಛಿಕಗಳು ಎರಡೋ ಮೂರೋ. ಆರು ಗಂಟೆಗೆ ರಾತ್ರಿಯೂಟ. ಬಳಿಕ ಉಪನ್ಯಾಸ, ಸಿನಿಮಾ, ಕಾರ್ಯಾಗಾರದಲ್ಲಿ ಬಿಟ್ಟ ಕೆಲಸ, ಇಲ್ಲವೇ ಸುಮ್ಮನೆ ಹರಟೆ. ಶಿಕ್ಷಕರನ್ನು ಹೆಸರು ಹಿಡಿದೇ ಕರೆಯಬೇಕು. ನಮ್ಮವರಿಗೆ ಇದು ಮೊದಲ ತಿಂಗಳೆಲ್ಲ ನಾಲಿಗೆ ತಡವರಿಸುವ ಸಂಗತಿ. ಅವರು ಹೇಳಿದ್ದನ್ನು ಒಪ್ಪದಿದ್ದರೆ ಅಲ್ಲೇ ಹೇಳಬೇಕು; ಸುಮ್ಮನಿದ್ದರೆ ಗೌರವ ಎಂದು ಅಲ್ಲಿ ಯಾರೂ ತಿಳಿಯುವುದಿಲ್ಲ, ಆಸಕ್ತಿಯಿಲ್ಲ ಎಂದು ತಿಳಿಯುತ್ತಾರೆ.

ಇಡೀ ವ್ಯವಸ್ಥೆ ನಿಂತಿರುವುದು ಸರದಿಯ ಕೆಲಸಗಳ ಮೇಲೆ. ಪಾತ್ರೆ ತೊಳೆಯುವುದು, ಮೇಜು ಒರೆಸುವುದು, ಕಕ್ಕಸು ತೊಳೆಯುವುದು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು. ಪಟ್ಟಿ ಗೋಡೆಯ ಮೇಲಿರುತ್ತದೆ. ನಾರ್ವೆಯಲ್ಲಿ ಇಡೀ ಶಾಲೆ ಒಂದು ದಿನ ಕೂಡಿ ಮಾಡುವ ಕೆಲಸಕ್ಕೆ 'ದುಗ್ನಾದ್' ಎನ್ನುತ್ತಾರೆ, ನಮ್ಮ ಶ್ರಮದಾನದ ಹಾಗೆ. ಮನೆಯಲ್ಲಿ ತಟ್ಟೆ ಎತ್ತಿಯೂ ಅಭ್ಯಾಸವಿಲ್ಲದ ಹುಡುಗರು ಹೊರಡುವ ಮುಂಚೆ ಎರಡು ತಿಂಗಳು ಮನೆಯ ಕೆಲಸ ಮಾಡಿ ಕೈ ಪಳಗಿಸಿಕೊಳ್ಳಬೇಕು. ಮಾತು ಕಡಿಮೆಯಾದರೂ, ಭಾಷೆ ಬಾರದಿದ್ದರೂ ಜನ ಸಹಿಸುತ್ತಾರೆ. ಪಾತ್ರೆಯ ಸರದಿ ತಪ್ಪಿಸಿಕೊಳ್ಳುವವರನ್ನು ಸಹಿಸುವುದಿಲ್ಲ.

ಖರ್ಚಿನ ಲೆಕ್ಕ

ಡೆನ್ಮಾರ್ಕಿನಲ್ಲಿ ಶುಲ್ಕ ವಾರದ ಲೆಕ್ಕ. ಪಾಠ, ಕೋಣೆ, ಮೂರು ಹೊತ್ತಿನ ಊಟ ಎಲ್ಲ ಸೇರಿ ವಾರಕ್ಕೆ ಒಂದೂವರೆ ಸಾವಿರದಿಂದ ಎರಡು ಸಾವಿರ ಕ್ರೋನ್ (ಅಲ್ಲಿನ ನಾಣ್ಯ) ಆಸುಪಾಸು. ಸಿನಿಮಾದಂಥ ದುಬಾರಿ ಸಲಕರಣೆಯ ವಿಷಯಗಳಿಗೆ ಹೆಚ್ಚು. ಸರ್ಕಾರ ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಶಾಲೆಗೆ ಅನುದಾನ ಕೊಡುವುದರಿಂದಲೇ ಇಷ್ಟರಲ್ಲಿ ನಿಲ್ಲುತ್ತದೆ.

ಒಂದು ಮಾದರಿ ಲೆಕ್ಕ ಹಾಕೋಣ. ವಾರಕ್ಕೆ 1,800 ಕ್ರೋನ್‌ನಂತೆ 24 ವಾರಕ್ಕೆ 43,200 ಕ್ರೋನ್. ಕ್ರೋನ್‌ಗೆ 13 ರೂಪಾಯಿ ಹಿಡಿದರೆ ಸುಮಾರು 5.6 ಲಕ್ಷ. ಇದರ ಮೇಲೆ ಅಧ್ಯಯನ ಪ್ರವಾಸಕ್ಕೆ 5,000 ಕ್ರೋನ್, ಸಾಮಗ್ರಿಗೆ 1,500, ತಿಂಗಳಿಗೆ 1,500ರಂತೆ ಕೈಖರ್ಚು ಐದೂವರೆ ತಿಂಗಳಿಗೆ 8,250. ಇವು ಮೂರೂ ಸೇರಿ 14,750 ಕ್ರೋನ್, ಅಂದರೆ 1.9 ಲಕ್ಷ. ಹೋಗಿಬರುವ ವಿಮಾನ 80,000 ರೂಪಾಯಿ, ಬಟ್ಟೆಬರೆ ಮತ್ತು ವಿಮೆ 40,000, ವಾಸ ಪರವಾನಗಿ ಅರ್ಜಿಯ ಖರ್ಚು 30,000. ಎಲ್ಲ ಕೂಡಿ 9 ಲಕ್ಷದ ಹತ್ತಿರ. ನಾರ್ವೆಯಲ್ಲಿ ಬೋಧನೆ ಉಚಿತ, ಆದರೆ ಊಟ, ವಸತಿ, ಪ್ರವಾಸ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ನಾರ್ವೇಜಿಯನ್ ಕ್ರೋನ್ ಸುತ್ತಮುತ್ತ ಬೀಳುತ್ತದೆ. ನಮ್ಮ ರೂಪಾಯಿಯಲ್ಲಿ 12 ಲಕ್ಷ ದಾಟುತ್ತದೆ.

ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, 'ಅಲ್ಲಿ ಹೋಗಿ ಸಂಜೆ ಕೆಲಸ ಮಾಡಿ ದುಡಿಯುತ್ತೇನೆ' ಎಂಬ ನಂಬಿಕೆ. ಡೆನ್ಮಾರ್ಕಿನಲ್ಲಿ ಜನಶಾಲೆಗೆಂದು ಕೊಡುವ ವಾಸ ಪರವಾನಗಿಯಲ್ಲಿ ಕೆಲಸ ಮಾಡುವ ಹಕ್ಕು ಇಲ್ಲ. ಕದ್ದು ದುಡಿದು ಸಿಕ್ಕಿಬಿದ್ದರೆ ಪರವಾನಗಿ ಹೋಗುತ್ತದೆ, ಮುಂದಿನ ವೀಸಾಗಳಿಗೂ ಕಪ್ಪುಚುಕ್ಕೆ. ಇನ್ನೊಂದು, ಶಿಕ್ಷಣ ಸಾಲ. ಪದವಿಯಾಗಲಿ ಡಿಪ್ಲೊಮಾ ಆಗಲಿ ಕೊಡದ ಕೋರ್ಸಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಮನೆಯವರ ಉಳಿತಾಯದಿಂದಲೇ ಹೋಗಬೇಕು. ಹಾಗಾಗಿ ಅಪ್ಪ ಅಮ್ಮನಿಗೆ 'ಫಾರಿನ್ ಕೋರ್ಸ್' ಎಂದು ಹೇಳಿ ಒಪ್ಪಿಸಬೇಡಿ. ಒಂಬತ್ತು ಲಕ್ಷ ಕೊಟ್ಟರೆ ಸರ್ಟಿಫಿಕೇಟ್ ಬರುವುದಿಲ್ಲ ಎಂದು ಎದುರಿಗೆ ಕೂತು ಹೇಳಿ. ಆಮೇಲೂ ಅವರು ಒಪ್ಪಿದರೆ ಹೊರಡಿ.

ಅರ್ಜಿಯ ಹಾದಿ

ಕೋರ್ಸ್ ಶುರುವಾಗುವ ದಿನಕ್ಕೆ ಕನಿಷ್ಠ ಐದಾರು ತಿಂಗಳ ಮುಂಚೆ ಕೆಲಸ ಆರಂಭಿಸಬೇಕು. ಮೊದಲು ಶಾಲೆಗೆ ನೇರವಾಗಿ ಬರೆದು ಮೂರು ವಿಷಯ ಕೇಳಿ: ಯುರೋಪಿನ ಹೊರಗಿನವರನ್ನು ತೆಗೆದುಕೊಳ್ಳುತ್ತೀರಾ, ಪಾಠ ಮತ್ತು ದಿನದ ಮಾತು ಯಾವ ಭಾಷೆಯಲ್ಲಿ, ಪರವಾನಗಿ ಸಿಗದಿದ್ದರೆ ಎಷ್ಟು ಹಣ ವಾಪಸು. ಮೂರನೆಯದಕ್ಕೆ ಉತ್ತರ ಬರಹದಲ್ಲೇ ಇರಲಿ. ಯಾಕೆಂದರೆ ಹೆಚ್ಚಿನ ಶಾಲೆಗಳು ಪೂರ್ತಿ ಶುಲ್ಕ ಬಂದ ಮೇಲೆಯೇ ಪರವಾನಗಿಯ ಕಾಗದಕ್ಕೆ ಕೈ ಹಾಕುತ್ತವೆ.

ಸೀಟು ಸಿಕ್ಕ ಬಳಿಕ ಅರ್ಜಿ ಎರಡು ಭಾಗದಲ್ಲಿ ನಡೆಯುತ್ತದೆ. 'ಎಸ್‌ಟಿ1' ಎಂಬ ನಮೂನೆಯಲ್ಲಿ ತನ್ನ ಭಾಗವನ್ನು ಶಾಲೆ ತುಂಬುತ್ತದೆ, ನಿಮ್ಮ ಭಾಗವನ್ನು ನೀವು ತುಂಬುತ್ತೀರಿ. ಅದಕ್ಕೂ ಮುನ್ನ ಡ್ಯಾನಿಷ್ ವಲಸೆ ಇಲಾಖೆಯ ತಾಣದಲ್ಲಿ ಶುಲ್ಕ ಕಟ್ಟಿ ಪ್ರಕರಣ ಸಂಖ್ಯೆ ಪಡೆದಿರಬೇಕು. ಆಮೇಲೆ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು, ಭಾವಚಿತ್ರ. ಅರ್ಜಿ ಸಲ್ಲಿಸಿದ ಮೇಲೆ ಬೆರಳಚ್ಚಿಗೆ ಇರುವ ಗಡುವು ಕೇವಲ 14 ದಿನ, ಆದ್ದರಿಂದ ಅಪಾಯಿಂಟ್‌ಮೆಂಟ್ ಸಿಗುವ ದಿನ ನೋಡಿಕೊಂಡೇ ಅರ್ಜಿ ಸಲ್ಲಿಸಿ. ತೀರ್ಮಾನಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಅಲ್ಲಿಯವರೆಗೆ ಹಣ ವಾಪಸಾಗದ ವಿಮಾನ ಟಿಕೆಟ್ ಬೇಡ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಓದಿಗೂ ಕೋರ್ಸಿಗೂ ಸಂಬಂಧವೇ ಕಾಣದಿರುವುದು ಒಂದು. ಇಪ್ಪತ್ತೊಂಬತ್ತು ವಯಸ್ಸಿನ, ಎಂಜಿನಿಯರಿಂಗ್ ಮುಗಿಸಿ ಐದು ವರ್ಷ ದುಡಿದ ವ್ಯಕ್ತಿ ಕುಂಬಾರಿಕೆ ಕಲಿಯಲು ಹೊರಟರೆ ಅಧಿಕಾರಿಗೆ ಅನುಮಾನ ಬರುತ್ತದೆ. ಏಕೆ ಈಗ, ಏಕೆ ಈ ಶಾಲೆ, ಮರಳಿ ಬಂದು ಏನು ಮಾಡುತ್ತೀರಿ ಎಂಬುದನ್ನು ಒಂದು ಪುಟದಲ್ಲಿ, ಯಾರಿಂದಲೂ ಬರೆಸದೆ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಇನ್ನೊಂದು ಹಣ. ಅರ್ಜಿಗೆ ಹತ್ತು ದಿನ ಮುಂಚೆ ಖಾತೆಗೆ ಬಂದು ಬಿದ್ದ ದೊಡ್ಡ ಮೊತ್ತ ಯಾರ ಕಣ್ಣಿಗೂ ನಿಜವೆನಿಸುವುದಿಲ್ಲ. ಆರು ತಿಂಗಳ ಚರಿತ್ರೆ ಇರುವ ಖಾತೆ ತೋರಿಸಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಜನಶಾಲೆಯ ಪರವಾನಗಿಯನ್ನು 'ಯುರೋಪಿಗೆ ಸುಲಭದ ಬಾಗಿಲು, ಆಮೇಲೆ ಅಲ್ಲೇ ನೆಲೆಸಬಹುದು' ಎಂದು ಯಾವ ಏಜೆಂಟ್ ಹೇಳಿದರೂ ಅದು ಸುಳ್ಳು. ಈ ಪರವಾನಗಿ ಕೋರ್ಸಿನ ಅವಧಿಗೆ ಕಟ್ಟುಬಿದ್ದದ್ದು. ಶಾಲೆ ಬಿಟ್ಟರೆ, ಅಥವಾ ಹಾಜರಾತಿ ಕಡಿಮೆಯಾಗಿ ಶಾಲೆಯೇ ಕಳಿಸಿದರೆ, ದೇಶದಲ್ಲಿರುವ ಹಕ್ಕೂ ಹೋಗುತ್ತದೆ. ಜನಶಾಲೆಗೆ ಸೇರಲು ಏಜೆಂಟ್ ಬೇಕಾಗಿಯೇ ಇಲ್ಲ. ಶಾಲೆಯ ಕಚೇರಿಯವರೇ ಇಮೇಲಿಗೆ ಉತ್ತರ ಕೊಡುತ್ತಾರೆ.

ಯಾವ ಅವಧಿ ಎಂಬ ಪ್ರಶ್ನೆಗೆ ಕರ್ನಾಟಕದ ವಿದ್ಯಾರ್ಥಿಗಳು ಪರೀಕ್ಷೆಗಳ ಪಂಚಾಂಗ ನೋಡಬೇಕು. ಪಿಯುಸಿ ಫಲಿತಾಂಶ ಬರುವುದು ಏಪ್ರಿಲ್ ಹೊತ್ತಿಗೆ. ಆಗ ಯೋಚನೆ ಶುರುಮಾಡಿದರೆ ಆಗಸ್ಟ್ ಕೈತಪ್ಪುತ್ತದೆ, ಜನವರಿಯ ಅವಧಿ ಸಿಗಬಹುದು. ಆದರೆ ಜನವರಿಯಿಂದ ಜೂನ್ ಅಂದರೆ ಮುಂದಿನ ವರ್ಷದ ಸಿಇಟಿ, ನೀಟ್ ಎರಡೂ ತಪ್ಪುತ್ತವೆ. ಮುಂದಿನ ವರ್ಷ ಪ್ರವೇಶ ಪರೀಕ್ಷೆ ಬರೆಯುವವರಿಗೆ ಆಗಸ್ಟ್–ಡಿಸೆಂಬರ್ ಮಾತ್ರ ಸರಿ. ಅದಕ್ಕೆ ಅರ್ಜಿಯ ಕೆಲಸ ಪಿಯುಸಿ ಪರೀಕ್ಷೆಗೂ ಮುಂಚೆ, ಜನವರಿ–ಫೆಬ್ರವರಿಯಲ್ಲಿ ಮುಗಿದಿರಬೇಕು. ನಿಜ ಹೇಳಬೇಕೆಂದರೆ ಪದವಿ ಮುಗಿಸಿ, ಇಪ್ಪತ್ತೊಂದು ಇಪ್ಪತ್ತೆರಡರಲ್ಲಿ ಹೋಗುವುದೇ ನಮ್ಮವರಿಗೆ ಎಲ್ಲ ರೀತಿಯಲ್ಲೂ ಸಲೀಸು. ಅಲ್ಲಿನ ಜೊತೆಗಾರರ ವಯಸ್ಸೂ ಅದೇ.

ಚಳಿ, ಕತ್ತಲೆ, ಊಟ

ಚಳಿಗಿಂತ ಕಾಡುವುದು ಕತ್ತಲೆ. ಡಿಸೆಂಬರಿನಲ್ಲಿ ಹೆಲ್ಸಿಂಗೋರ್‌ನಲ್ಲಿ ಬೆಳಕು ಏಳು ತಾಸು: ಎಂಟೂವರೆಯ ನಂತರ ಸೂರ್ಯೋದಯ, ಮೂರೂವರೆಗೆಲ್ಲ ಕತ್ತಲು. ನಾರ್ವೆಯ ಟ್ರೋಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನದ ಊಟವಾದ ಕೂಡಲೇ, ಮೋಡವಿದ್ದರೂ, ಅರ್ಧ ಗಂಟೆ ಹೊರಗೆ ನಡೆಯುವುದನ್ನು ಔಷಧಿಯಂತೆ ಪಾಲಿಸಿ. ಡೆನ್ಮಾರ್ಕಿನ ಆರೋಗ್ಯ ಇಲಾಖೆ ಕಪ್ಪು ಮೈಬಣ್ಣದವರಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಹೇಳುತ್ತದೆ; ನಮ್ಮ ಔಷಧಿ ಅಂಗಡಿಯ ಲೆಕ್ಕದಲ್ಲಿ 400 ಐಯು. ನಮ್ಮಲ್ಲಿ ಸಿಗುವ 60,000 ಐಯು ಮಾತ್ರೆ ದಿನವೂ ನುಂಗುವಂಥದ್ದಲ್ಲ.

ಬೆಂಗಳೂರಿನಿಂದ ದಪ್ಪ ಜಾಕೆಟ್ ಕೊಂಡೊಯ್ಯುವುದು ಹಣಕ್ಕೂ ಪೆಟ್ಟಿಗೆಗೂ ದಂಡ. ಅಲ್ಲಿ ಬೇಕಾದದ್ದು ಪದರಗಳು: ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ಬೆಚ್ಚನೆಯದೊಂದು, ಹೊರಗೆ ಗಾಳಿ ಮಳೆ ತಡೆಯುವುದು. ಒಳಗೆ ಹತ್ತಿಬಟ್ಟೆ ಹಾಕಿದರೆ ಬೆವರು ಹೀರಿ ಒದ್ದೆಯಾಗಿ, ನಿಂತಾಗ ಮೈ ಕೊರೆಯುತ್ತದೆ. ಉಣ್ಣೆಯ ಒಳಉಡುಪು ಎರಡು ಜೊತೆ ಹೊಸದು ಕೊಂಡು, ಹೊರ ಜಾಕೆಟ್ಟನ್ನು ಅಲ್ಲಿಯ 'ಗೆನ್‌ಬ್ರೂಗ್' ಅಂಗಡಿಯಲ್ಲಿ, ಅಂದರೆ ಬಳಸಿದ ಬಟ್ಟೆ ಮಾರುವ ಕಡೆ, ತೆಗೆದುಕೊಂಡರೆ ಖರ್ಚು ಅರ್ಧಕ್ಕಿಂತ ಕಡಿಮೆ. ಹೊದಿಕೆ, ದಿಂಬು ಶಾಲೆಯೇ ಕೊಡುತ್ತದೋ ನೀವೇ ತರಬೇಕೋ ಎಂದು ಮೊದಲೇ ಕೇಳಿ. ತರಬೇಕು ಎನ್ನುವ ಶಾಲೆಗಳೇ ಹೆಚ್ಚು, ಮೊದಲ ರಾತ್ರಿ ಜಾಕೆಟ್ ಹೊದ್ದು ಮಲಗುವ ಪಾಡು ಯಾರಿಗೂ ಬೇಡ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ. ಈಗ ಅಲ್ಲಿನ ಹುಡುಗ ಹುಡುಗಿಯರಲ್ಲೂ ಅನೇಕರು ಮಾಂಸ ಬಿಟ್ಟಿದ್ದಾರೆ. ಅರ್ಜಿಯಲ್ಲಿ ಬರೀ 'ಸಸ್ಯಾಹಾರಿ' ಎಂದು ಬರೆದರೆ ಸಾಲದು. ಮೀನು, ಮೊಟ್ಟೆ, ಮಾಂಸದ ಸಾರು, ಸಿಹಿತಿಂಡಿಯಲ್ಲಿ ಬರುವ ಜೆಲಟಿನ್, ಚೀಸಿಗೆ ಹಾಕುವ ಕರುವಿನ ಹೊಟ್ಟೆಯ ಹೆಪ್ಪು, ಇವುಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ಇಲ್ಲ ಎಂದು ಸಾಲಾಗಿ ಬರೆಯಿರಿ. ಅಡುಗೆಯವರಿಗೆ ಅದು ತೊಂದರೆಯಲ್ಲ, ಸಹಾಯ. ಉಪ್ಪಿನಕಾಯಿ, ಚಟ್ನಿಪುಡಿ ಒಂದೊಂದು ಡಬ್ಬಿ ಒಯ್ದರೆ ನವೆಂಬರಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ, ಊದುಬತ್ತಿಯೂ ಬೇಡ. ಹೊಗೆಯ ಸೂಚಕ ಕೂಗಿಕೊಂಡು ಮಧ್ಯರಾತ್ರಿ ಇಡೀ ಶಾಲೆ ಹಿಮದಲ್ಲಿ ನಿಲ್ಲುವಂತಾಗುತ್ತದೆ, ಸುಳ್ಳು ಕರೆಗೆ ಓಡಿಬಂದ ಅಗ್ನಿಶಾಮಕದ ಬಿಲ್ಲೂ ಬರಬಹುದು.

ಮದ್ಯದ ವಿಷಯದಲ್ಲಿ ಎರಡು ದೇಶ ಎರಡು ತುದಿ. ನಾರ್ವೆಯ ಶಾಲೆಗಳಲ್ಲಿ ಆವರಣದೊಳಗೆ ಸಾಮಾನ್ಯವಾಗಿ ಪೂರ್ತಿ ನಿಷೇಧ. ಡೆನ್ಮಾರ್ಕಿನ ಬಹುಪಾಲು ಶಾಲೆಗಳಲ್ಲಿ ವಾರಾಂತ್ಯದ ಕೂಟಗಳಿಗೆ ಅವಕಾಶವಿದೆ. ಕುಡಿಯದವರು 'ಬೇಡ' ಎಂದರೆ ಯಾರೂ ಒತ್ತಾಯಿಸುವುದಿಲ್ಲ, ಆದರೆ ಕೂಟಕ್ಕೇ ಬಾರದಿದ್ದರೆ ಗೆಳೆತನಗಳು ನಿಮ್ಮನ್ನು ಬಿಟ್ಟು ಕೂಡಿಕೊಳ್ಳುತ್ತವೆ. ಹೋಗಿ, ಹಣ್ಣಿನ ರಸ ಕುಡಿಯಿರಿ, ಕುಣಿಯಿರಿ, ಹತ್ತು ಗಂಟೆಗೆ ಎದ್ದು ಬನ್ನಿ.

ಎಲ್ಲರಿಗೂ ಒಂದು ಇಳಿತ ಬರುತ್ತದೆ, ಐದನೇ ವಾರದಿಂದ ಎಂಟನೇ ವಾರದ ನಡುವೆ. ಹೊಸತನ ಕಳೆದಿರುತ್ತದೆ, ಗುಂಪುಗಳು ಆಗಿರುತ್ತವೆ, ಕೋಣೆಯ ಜೊತೆಗಾರರ ಗೊರಕೆ ಗೊತ್ತಾಗಿರುತ್ತದೆ. ಆಗ ಬಾಗಿಲು ಹಾಕಿಕೊಂಡು ಮನೆಗೆ ವಿಡಿಯೊ ಕರೆ ಮಾಡುತ್ತ ಕೂರುವುದು ಹಳ್ಳಕ್ಕೆ ಇನ್ನಷ್ಟು ಇಳಿದಂತೆ. ಪ್ರತಿ ವಿದ್ಯಾರ್ಥಿಗೂ ಒಬ್ಬ ಸಂಪರ್ಕ ಶಿಕ್ಷಕರು ಇರುತ್ತಾರೆ. ಅವರ ಬಳಿ ಹೇಳಿಕೊಳ್ಳುವುದು ದೂರು ಹೇಳಿದಂತಲ್ಲ, ಅವರು ಇರುವುದೇ ಅದಕ್ಕೆ. ಇನ್ನೂ ಒಳ್ಳೆಯ ಉಪಾಯ, ನೀವೇ ಏನನ್ನಾದರೂ ಕಲಿಸಲು ಮುಂದಾಗುವುದು. ಅಡುಗೆಮನೆಯವರ ಒಪ್ಪಿಗೆ ಪಡೆದು ಒಂದು ಸಂಜೆ ನೂರು ಜನಕ್ಕೆ ಚಿತ್ರಾನ್ನ ಮಾಡಿ, ಕಂಸಾಳೆಯೋ ಕೋಲಾಟವೋ ಬಂದರೆ ತೋರಿಸಿ. ಮರುದಿನ ಬೆಳಗಿನ ತಿಂಡಿಗೆ ನಿಮ್ಮ ಮೇಜಿಗೆ ಜನ ತಾವಾಗಿ ಬಂದು ಕೂರುತ್ತಾರೆ.

ಬಂದ ವಾರ, ಹೊರಡುವ ವಾರ

ಡೆನ್ಮಾರ್ಕ್ ತಲುಪಿದ ಕೂಡಲೇ ಪೌರಾಡಳಿತ ಕಚೇರಿಯಲ್ಲಿ ನೋಂದಣಿ ಮಾಡಿಸಿ ಸಿಪಿಆರ್ ಸಂಖ್ಯೆ, ಅಂದರೆ ಅಲ್ಲಿನ ನಿವಾಸಿಗಳ ಗುರುತಿನ ಸಂಖ್ಯೆ, ಪಡೆಯಬೇಕು. ಅದರ ಜೊತೆ ಬರುವ ಹಳದಿ ಕಾರ್ಡಿನಿಂದ ವೈದ್ಯರ ಭೇಟಿ, ಆಸ್ಪತ್ರೆ ಉಚಿತ. ಕಾರ್ಡ್ ಬರುವವರೆಗಿನ ವಾರಗಳಿಗೆ ಪ್ರವಾಸ ವಿಮೆ ಇರಲಿ. ವಯಸ್ಕರ ಹಲ್ಲಿನ ಚಿಕಿತ್ಸೆಗೆ ಹೆಚ್ಚಿನ ಹಣ ಕೈಯಿಂದಲೇ ಹೋಗುವುದರಿಂದ, ಹುಳುಕು ಹಲ್ಲಿದ್ದರೆ ಊರಿನಲ್ಲೇ ತುಂಬಿಸಿಕೊಂಡು ಹೊರಡಿ.

ಮರಳುವ ಮುನ್ನ ಹಾಜರಾತಿ ಪತ್ರವನ್ನು ಇಂಗ್ಲಿಷಿನಲ್ಲಿ, ಮೊಹರು ಮತ್ತು ಸಹಿಯೊಂದಿಗೆ, ಎರಡು ಪ್ರತಿ ಕೇಳಿ ಪಡೆಯಿರಿ. ವಿಷಯಗಳ ಹೆಸರು, ವಾರಗಳ ಲೆಕ್ಕ ಅದರಲ್ಲಿರಲಿ. ಮಾಡಿದ ಕೆಲಸದ ಚಿತ್ರಗಳು, ಧ್ವನಿಮುದ್ರಣ, ಕಿರುಚಿತ್ರ ಏನಿದ್ದರೂ ಜೋಡಿಸಿಡಿ; ಅಂಕಪಟ್ಟಿ ಇಲ್ಲದ ವರ್ಷಕ್ಕೆ ಸಾಕ್ಷಿ ಅದೇ. ಪೌರಾಡಳಿತಕ್ಕೆ ದೇಶ ಬಿಡುವ ತಾರೀಖು ತಿಳಿಸಿ ನೋಂದಣಿ ತೆಗೆಸಿ, ಬ್ಯಾಂಕ್ ಖಾತೆ ತೆರೆದಿದ್ದರೆ ಮುಚ್ಚಿ. ಊರಿಗೆ ಬಂದ ಮೇಲೆ ಕಾಲೇಜು ಸೇರುವಾಗ ಅನೇಕ ಕಡೆ ಓದಿನ ನಡುವಿನ ಬಿಡುವಿಗೆ ಪ್ರಮಾಣಪತ್ರ ಕೇಳುತ್ತಾರೆ. ಛಾಪಾ ಕಾಗದದ ಮೇಲೆ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಡೆನ್ಮಾರ್ಕಿನ ಇಂಥ ಶಾಲೆಯಲ್ಲಿದ್ದೆ, ಬೇರೆ ಯಾವ ಕಾಲೇಜಿಗೂ ಸೇರಿರಲಿಲ್ಲ ಎಂದು ಬರೆಸಿ, ನೋಟರಿಯ ಸಹಿ ಹಾಕಿಸಿ, ಶಾಲೆಯ ಪತ್ರದ ನಕಲನ್ನು ಅದಕ್ಕೆ ಲಗತ್ತಿಸಿ. ಪ್ರವೇಶಾತಿಯ ಗಡಿಬಿಡಿ ಶುರುವಾಗುವುದಕ್ಕೆ ಒಂದು ವಾರ ಮುಂಚೆ ಇದು ಕೈಯಲ್ಲಿರಲಿ.